ಓಡದ ರೀಲು

ಹಳೆಯ ನೆಗೆಟಿವ್‌ಗಳನ್ನೆಲ್ಲ ಸಿ.ಡಿ.ಗೆ ಹಾಕಿಸೋಣ ಎಂದು ಮೊನ್ನೆ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. ಎರಡು ದಿನ ಬಿಟ್ಟು ಹೋದರೆ, ಅಲ್ಲಿನವರು ಫಿಲ್ಮಿನ ಒಂದು ಪಟ್ಟಿಯನ್ನು ಬೇರೆಯಾಗಿ ತೆಗೆದಿಟ್ಟಿದ್ದರು. "ಮೇಡಂ, ಇದರಲ್ಲಿ ಏನೂ ಇಲ್ಲ, ಖಾಲಿ. ಎಸೆದುಬಿಡ್ಲಾ?" ಎಂದರು. ಬೆಳಕಿಗೆ ಹಿಡಿದು ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣ, ತೆಳು ಬೆಲ್ಲದ ಪಾಕದ ಹಾಗೆ. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. "ಬೇಡ, ಕೊಡಿ" ಎಂದು ಇಸಿದುಕೊಂಡು ಕೈಚೀಲಕ್ಕೆ ಹಾಕಿಕೊಂಡೆ. ನಾನು ತೆಗೆದ ಅಷ್ಟೂ ಫೋಟೋಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಅಂಗಡಿಯಲ್ಲಿ ನಿಂತು ಅವರಿಗೆ ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು. ಓದಲು ಕೂತಿದ್ದೀರಿ ಅಂದರೆ ನಿಮಗೆ ಸ್ವಲ್ಪ ಪುರುಸೊತ್ತಿದೆ ಎಂದೇ ಅರ್ಥ.

ತೊಂಬತ್ತರ ದಶಕದ ನಡುವಿನಲ್ಲಿ ನನಗೆ ತುಮಕೂರಿಗೆ ವರ್ಗವಾಯಿತು. ನಾನು ಕುಂದಾಪುರದ ಕಡೆಯವಳು. ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ವರ್ಗದ ಕಾಗದ ಕೈಗೆ ಬಂದಾಗ ನಮ್ಮಮ್ಮ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಸಮುದ್ರ ಉಂಟಾ?" ಇಲ್ಲ ಎಂದೆ. "ಹಾಗಾದರೆ ಸಂಜೆ ಹೊತ್ತು ಎಲ್ಲಿಗೆ ಹೋಗ್ತಿ?" ಎಂದು ಅವರು ಚಿಂತೆ ಮಾಡಿದರು. ಬೊಂಬಾಯಿಯಲ್ಲಿದ್ದ ಸೋದರಮಾವನಿಗೂ ಅದೇ ಚಿಂತೆ ಹತ್ತಿತೋ ಏನೋ, ತಾನು ಬಳಸುತ್ತಿದ್ದ ಕ್ಯಾಮೆರಾವನ್ನು ನನಗೆ ಕೊಟ್ಟ. "ಹೊಸ ಊರಿನಲ್ಲಿ ಬೇಜಾರಾದರೆ ಇದನ್ನು ಹಿಡಿದುಕೊಂಡು ತಿರುಗು" ಎಂದು ಹೇಳಿ, ರೀಲ್ ಹಾಕುವುದು ಹೇಗೆಂದು ಎರಡು ಸಲ ತೋರಿಸಿದ. ಮೂರನೆಯ ಸಲವೂ ತೋರಿಸಬೇಕಿತ್ತು ಎಂಬುದು ಆಮೇಲೆ ಗೊತ್ತಾಯಿತು.

ತುಮಕೂರಿನ ಚಿಕ್ಕಪೇಟೆಯಲ್ಲಿ ನಂಜಮ್ಮ ಎಂಬವರ ಮನೆಯ ಮುಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಅವರಿಗೆ ಆಗ ಅರವತ್ತರ ಹತ್ತಿರ. ಗಂಡ ಮೇಷ್ಟ್ರಾಗಿದ್ದವರು, ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಕೋಣೆ ಕೇಳಲು ಹೋದ ದಿನ ನಂಜಮ್ಮ ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದರು.

"ಮದ್ವೆ ಆಗಿದ್ಯಾ?"

"ಇಲ್ಲ."

"ಕೊರಳಲ್ಲಿ ಏನದು ನೇತಾಕ್ಕೊಂಡಿರೋದು?"

"ಕ್ಯಾಮೆರಾ."

"ಪೇಪರ್‌ನೋಳಾ?"

"ಅಲ್ಲ, ಸುಮ್ಮನೆ. ಮನೆಯಲ್ಲಿ ಬಾವಿ ಉಂಟಾ?"

ಅವರು ನನ್ನ ಮುಖವನ್ನೇ ನೋಡಿ ನಕ್ಕುಬಿಟ್ಟರು. "ಇದೆಯಾ ಅನ್ನಮ್ಮ. ಉಂಟಾ ಅಂದ್ರೆ ಇಲ್ಲಿ ಜನ ನಾಟ್ಕದ ಕಂಪ್ನಿಯಿಂದ ಬಂದವ್ಳೆ ಅನ್ಕೋತಾರೆ." ಕೋಣೆ ಸಿಕ್ಕಿದ್ದು ಬಹುಶಃ ಆ ನಗುವಿನಿಂದಲೇ.

ಮೊದಲ ಭಾನುವಾರ ನಾನು ಕ್ಯಾಮೆರಾ ಹಿಡಿದು ಹೊರಟಾಗ ನಂಜಮ್ಮ ತಡೆದರು. ವಯಸ್ಸಿನ ಹುಡುಗಿ ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಕೆರೆ ಏರಿ, ಗುಂಡು ತೋಪು ಎಂದು ತಿರುಗಿದರೆ ನೋಡಿದವರು ಏನನ್ನುತ್ತಾರೆ ಎನ್ನುವುದು ಅವರ ವಾದ. "ಐದು ನಿಮಿಷ ಇರು, ಸೀರೆ ಬದಲಾಯಿಸ್ಕೊಂಡು ಬರ್ತೀನಿ" ಎಂದರು. ಬರುವಾಗ ಕೈಯಲ್ಲಿ ಒಂದು ಕಪ್ಪು ಕೊಡೆ, ಇನ್ನೊಂದು ಕೈಯಲ್ಲಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿಯ ಡಬ್ಬಿ. ಅಂದಿನಿಂದ ಭಾನುವಾರವೆಂದರೆ ನಾವಿಬ್ಬರೂ ಬಸ್‌ಸ್ಟ್ಯಾಂಡಿನಲ್ಲಿರುವುದು ಎಂದಾಯಿತು. ನನ್ನನ್ನು ಕಾಯುವ ನೆಪ ಎರಡು ಮೂರು ವಾರ ನಡೆಯಿತು. ಆಮೇಲೆ ಶನಿವಾರ ಸಂಜೆಯೇ "ನಾಳೆ ಯಾವ ಕಡೆಗೆ?" ಎಂದು ಅವರೇ ಕೇಳುತ್ತಿದ್ದರು.

ನಾನು ತೆಗೆಯುತ್ತಿದ್ದ ಫೋಟೋಗಳ ಗುಣಮಟ್ಟವನ್ನು ನಿಮಗೆ ಹೇಳಿಬಿಡುವುದು ಒಳ್ಳೆಯದು. ಗುಬ್ಬಿ ಎಂಬ ಹೆಸರಿನ ಊರಿಗೆ ಬಂದ ಮೇಲೆ ಅಲ್ಲಿ ಒಂದು ಗುಬ್ಬಿಯ ಫೋಟೋ ತೆಗೆಯಲೇಬೇಕು ಎಂದು ನನಗೆ ಹಠ. ಕೊಬ್ಬರಿ ಮಂಡಿಗಳ ಬೀದಿಯಲ್ಲಿ, ಹೆಂಚಿನ ಮನೆಗಳ ಸೂರಿನ ಕೆಳಗೆ, ಒಂದೂವರೆ ಗಂಟೆ ಗುಬ್ಬಿಯ ಹಿಂದೆ ಅಲೆದೆ. ಮಂಡಿಯವರೊಬ್ಬರು ಹೊರಗೆ ಬಂದು, "ಏನು ಹುಡುಕ್ತಿದೀರಿ?" ಎಂದರು. "ಗುಬ್ಬಿ" ಎಂದೆ. "ಇದೇ ಗುಬ್ಬಿ ಕಣಮ್ಮ, ನೀವು ಬಂದು ಆಗ್ಲೇ ಒಂದ್ ಗಂಟೆ ಆಯ್ತು" ಎಂದರು. ನಂಜಮ್ಮ ಕೊಡೆಯೊಳಗೆ ಮುಖ ಮರೆಸಿಕೊಂಡು ನಕ್ಕರು. ಕೊನೆಗೆ ಹನ್ನೊಂದು ಫೋಟೋ ತೆಗೆದೆ. ತೊಳೆಸಿ ನೋಡಿದರೆ ಹನ್ನೊಂದರಲ್ಲೂ ಕರೆಂಟ್ ತಂತಿ, ಒಂದರಲ್ಲಿ ಮಾತ್ರ ತಂತಿಯ ಮೇಲೆ ಒಂದು ಚುಕ್ಕೆ.

ಇತಿಹಾಸದ ಗತಿಯೂ ಅಷ್ಟೇ. ಕೋರ ಎಂಬ ಊರಿನ ಹತ್ತಿರ ಒಂದು ಹಾಸುಬಂಡೆಯ ಮೇಲೆ ಗೆರೆಗಳು ಕಂಡವು. ಯಾವುದೋ ರಾಜನ ಕಾಲದ ಶಾಸನವೇ ನನ್ನ ಕಣ್ಣಿಗೆ ಮೊದಲು ಬಿದ್ದಿದೆ ಎಂದು ಮೈ ಜುಮ್ಮೆಂದಿತು. ಮೊಣಕಾಲೂರಿ, ಬಂಡೆಗೆ ನೀರು ಚಿಮುಕಿಸಿ, ನಂಜಮ್ಮನಿಂದ ಕೊಡೆ ಹಿಡಿಸಿ, ಆರು ಫೋಟೋ ತೆಗೆದೆ. ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ದೂರದಿಂದ ನೋಡುತ್ತಿದ್ದವನು ಬಂದು, "ಅದ್ನ ನಾನೇ ಕೆತ್ತಿದ್ದು. ಆಡು-ಹುಲಿ ಆಟದ ಮನೆ. ಒಂದಾಟ ಆಡ್ತೀರಾ?" ಎಂದ. ನಂಜಮ್ಮ ಕೂತೇ ಬಿಟ್ಟರು. ಅಜ್ಜನ ಹುಲಿಯನ್ನು ಎರಡು ಸಲ ಕಟ್ಟಿಹಾಕಿ ಎದ್ದರು. ಬೆಳ್ಳಾವಿಯಲ್ಲಿ ತೆಗೆದ ಹಳೆಯ ಬಾಗಿಲೊಂದರ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು, ಆದರೆ ಬಾಗಿಲ ಮುಂದೆ ಆ ಮನೆಯವರ ಜೊತೆ ರಾಗಿಯ ವಿಷಯ ಮಾತಾಡುತ್ತ ನಂಜಮ್ಮ ನಿಂತಿದ್ದರು. ನಾನು ಆ ವರ್ಷ ತೆಗೆದ ಬಹುಪಾಲು ಫೋಟೋಗಳ ಯಾವುದಾದರೊಂದು ಮೂಲೆಯಲ್ಲಿ ಆ ಕೊಡೆಯ ಅಂಚು ಇದ್ದೇ ಇದೆ.

ಎಲ್ಲಿಗೆ ಹೋದರೂ ನಂಜಮ್ಮನದು ಒಂದು ಮಾತು ಇರುತ್ತಿತ್ತು. ಗುಬ್ಬಿಯ ಕೆರೆ ನೋಡಿದರೆ, "ಇದೇನ್ ಕೆರೆ ಬುಡು, ನಮ್ಮ ಕೊತ್ತಗೆರೆ ಕೆರೆ ಕೋಡಿ ಬಿದ್ದಾಗ ನೋಡ್ಬೇಕು." ತೆಂಗಿನ ತೋಟ ನೋಡಿದರೆ, "ನಮ್ಮ ತೋಟದ ಮರದ ಕಾಯಿ ಒಂದೊಂದೂ ಇಷ್ಟಿಷ್ಟು ದಪ್ಪ." ಕೊತ್ತಗೆರೆ ಕುಣಿಗಲ್ ತಾಲ್ಲೂಕಿನಲ್ಲಿರುವ ಅವರ ತವರು ಎಂದು ಗೊತ್ತಾಯಿತು. "ಹಾಗಾದರೆ ಅಲ್ಲಿಗೇ ಹೋಗೋಣ" ಎಂದರೆ ಮಾತ್ರ, "ಅಲ್ಲೇನೈತೆ, ಬೇಡ" ಎಂದು ಮಾತು ಬದಲಿಸುತ್ತಿದ್ದರು.

ಕಾರಣ ತಿಳಿದದ್ದು ಕುಣಿಗಲ್‌ನಲ್ಲಿ. ಅಲ್ಲಿನ ದೊಡ್ಡಕೆರೆಯನ್ನು ಮೊದಲ ಸಲ ನೋಡಿದಾಗ ನಾನು ಫೋಟೋ ತೆಗೆಯುವುದನ್ನೇ ಮರೆತೆ. ಗಾಳಿ ಜೋರಾಗಿತ್ತು. ಸಣ್ಣ ಸಣ್ಣ ಅಲೆಗಳು ಬಂದು ಏರಿಯ ಕಲ್ಲುಗಳಿಗೆ ಬಡಿಯುತ್ತಿದ್ದವು. ಕಣ್ಣು ಮುಚ್ಚಿಕೊಂಡರೆ ಸದ್ದು ಸುಮಾರಾಗಿ ನಮ್ಮೂರಿನದೇ. ಊರು ಬಿಟ್ಟು ಎಂಟು ತಿಂಗಳಾಗಿತ್ತು. ನನಗೆ ಗೊತ್ತಿಲ್ಲದೆಯೇ ಅಳು ಬಂದಿತ್ತು. ನಂಜಮ್ಮ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ, "ಊರ್ ಕಡೆ ಯೋಚ್ನೆ ಬಂತಾ?" ಎಂದರು. ಹೌದೆಂದೆ. "ನೀನಾದ್ರೆ ಬಸ್ ಹತ್ತಿದ್ರೆ ಹೋಗ್ಬೋದು" ಎಂದರು.

ಅವರು ಹೇಳಿದ್ದು ಇಷ್ಟು. ಹದಿನಾರು ವರ್ಷಗಳ ಹಿಂದೆ ಅವರ ತಾಯಿ ಕೊತ್ತಗೆರೆಯಲ್ಲಿ ತೀರಿಕೊಂಡರು. ಬೆಳಿಗ್ಗೆ ಸುದ್ದಿ ಬಂತು. ಗಂಡ ಹೆಂಡತಿ ಸಿಕ್ಕ ಬಸ್ಸು ಹತ್ತಿದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕೊತ್ತಗೆರೆಯಲ್ಲಿ ಇಳಿಯುವ ಹೊತ್ತಿಗೆ ಜನ ಮಣ್ಣು ಮಾಡಿ, ಸ್ನಾನ ಮುಗಿಸಿ, ಒದ್ದೆ ಬಟ್ಟೆಯಲ್ಲಿ ವಾಪಸು ಬರುತ್ತಿದ್ದರು. ಎಲ್ಲರ ಮುಂದೆ ಅವರ ತಮ್ಮ ಗಂಗಣ್ಣ.

"ಅರ್ಧ ಗಂಟೆ. ಅರ್ಧ ಗಂಟೆ ಕಾಯ್ಲಿಲ್ಲ ಕಣೆ. ನಾನೇ ಎತ್ತಿ ಬೆಳೆಸಿದ್ ತಮ್ಮ. ಅಮ್ಮನ ಮುಖ ನೋಡಕ್ಕೆ ಬುಡ್ಲಿಲ್ಲ. ಮನೆ ಒಳಕ್ಕೂ ಹೋಗ್ಲಿಲ್ಲ ನಾನು. ಅದೇ ಬಸ್ಸು ತಿರುಗಿಸ್ಕೊಂಡು ಬಂತು, ಅದೇ ಬಸ್ಸಿಗೆ ಹತ್ತಿ ಬಂದ್ಬುಟ್ಟೆ."

"ಆಮೇಲೆ?"

"ಆಮೇಲೇನು. ಮೇಷ್ಟ್ರು ಹೋದಾಗ ಬಂದಿದ್ದ. ಹೊರಗೆ ನಿಂತಿದ್ದು ಹೋದ. ನಾನ್ ತಲೆ ಎತ್ತಿ ನೋಡ್ಲಿಲ್ಲ, ಅವ್ನು ಮಾತಾಡ್ಸಲಿಲ್ಲ."

ಅಷ್ಟು ಹೇಳಿ ಡಬ್ಬಿ ಬಿಚ್ಚಿ ನನಗೊಂದು ರೊಟ್ಟಿ ಕೊಟ್ಟರು. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಕೊತ್ತಗೆರೆ, ಕೊತ್ತಗೆರೆ" ಎಂದು ಕೂಗುತ್ತಿದ್ದ. ನಂಜಮ್ಮ ಆ ಕಡೆ ತಿರುಗಲಿಲ್ಲ. ಬಾಳೆಹಣ್ಣಿನ ಗಾಡಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

ಆಗ ನನಗೆ ಇಪ್ಪತ್ತಾರು ವರ್ಷ. ಆ ವಯಸ್ಸಿನಲ್ಲಿ ಬೇರೆಯವರ ಕಷ್ಟವನ್ನು ತಾನು ಸರಿ ಮಾಡಿಬಿಡಬಹುದು ಎಂಬ ಧೈರ್ಯ ಬಹಳ ಇರುತ್ತದೆ. ಕೊತ್ತಗೆರೆಯ ಕೆರೆ, ಆ ಮನೆ, ಆ ತೋಟ ಎಲ್ಲದರ ಫೋಟೋ ತೆಗೆದು, ಒಂದು ಆಲ್ಬಂ ಮಾಡಿ, ನಂಜಮ್ಮನ ಕೈಗೆ ಕೊಡುವುದೆಂದು ತೀರ್ಮಾನಿಸಿದೆ. ಹಬ್ಬದ ರಜೆಯೊಂದು ಮಂಗಳವಾರ ಬಂತು. "ಆಫೀಸಿನವರ ಜೊತೆ ಗುಬ್ಬಿಗೆ ಹೋಗ್ತಿದ್ದೇನೆ" ಎಂದು ನಂಜಮ್ಮನಿಗೆ ಸುಳ್ಳು ಹೇಳಿ, ಆತುರದಲ್ಲಿ ಬಾಗಿಲ ಬಳಿ ನಿಂತೇ ಹೊಸ ರೀಲ್ ಹಾಕಿಕೊಂಡು, ಕುಣಿಗಲ್‌ಗೆ ಹೋಗಿ ಕೊತ್ತಗೆರೆಯ ಬಸ್ಸು ಹತ್ತಿದೆ.

ಮೊದಲು ಕಂಡದ್ದು ಕೆರೆ. ನಂಜಮ್ಮ ಹೇಳಿದ್ದರ ಕಾಲು ಭಾಗವೂ ಇರಲಿಲ್ಲ. ಮೂರು ಎಮ್ಮೆಗಳು ನಡುನೀರಿನಲ್ಲಿ ನಿಂತಿದ್ದವು, ಹೊಟ್ಟೆಯವರೆಗೂ ನೆನೆದಿರಲಿಲ್ಲ. ಆದರೂ ನಾಲ್ಕು ಫೋಟೋ ತೆಗೆದೆ. ಗಂಗಣ್ಣನ ಮನೆ ಕೇಳಿಕೊಂಡು ಹೋದರೆ ಅವರು ಹಿತ್ತಲಲ್ಲಿ ನೆಟ್ಟ ಸುಲಿಗೋಲಿನ ಮೇಲೆ ಕಾಯಿ ಸುಲಿಯುತ್ತಿದ್ದರು. ಐವತ್ತು ದಾಟಿದ ಗಟ್ಟಿಮುಟ್ಟಾದ ಆಸಾಮಿ, ಹೆಗಲ ಮೇಲೆ ಟವೆಲ್ಲು. ಮೂಗು ನೋಡಿದರೆ ಸಾಕು, ನಂಜಮ್ಮನ ತಮ್ಮ ಎಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ನಾನು ಹಳೇ ಮನೆಗಳ ಫೋಟೋ ತೆಗೀತೇನೆ. ನಿಮ್ಮ ಮನೆಯದು ತೆಗೆಯಬಹುದಾ?" ಎಂದೆ.

"ತೆಕ್ಕಳಿ ಮೇಡಂ. ಯಾವೂರು?"

"ಈಗ ತುಮಕೂರು."

"ತುಮಕೂರಲ್ಲಿ ಎಲ್ಲಿ?"

"ಚಿಕ್ಕಪೇಟೆ."

ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. "ಚಿಕ್ಕಪೇಟೇಲಿ ಯಾರ ಮನೆ?"

ಅಷ್ಟು ಹೊತ್ತು ತಯಾರಿ ಮಾಡಿಕೊಂಡು ಬಂದಿದ್ದ ಸುಳ್ಳು ಆ ಮೂಗಿನ ಮುಂದೆ ಬಾಯಿಗೆ ಬರಲಿಲ್ಲ. "ನಂಜಮ್ಮನವರ ಮನೆ" ಎಂದೆ.

ಅವರ ಹೆಂಡತಿ ಜಯಮ್ಮ ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋದರು. ಗಂಗಣ್ಣ ಟವೆಲ್ಲಿನಿಂದ ಕೈ ಒರೆಸಿಕೊಂಡರು, ಇನ್ನೊಮ್ಮೆ ಒರೆಸಿಕೊಂಡರು. ಅಕ್ಕ ಹೇಗಿದ್ದಾಳೆ ಎಂದು ಕೇಳುತ್ತಾರೆ ಎಂದುಕೊಂಡೆ, ಕೇಳಲಿಲ್ಲ. "ಬನ್ನಿ" ಎಂದು ಮುಂದೆ ಹೊರಟರು.

ಆಮೇಲೆ ಒಂದೂವರೆ ಗಂಟೆ ಆ ಮನುಷ್ಯ ನನ್ನಿಂದ ಫೋಟೋ ತೆಗೆಸಿದರು. ನಾನು ತೊಟ್ಟಿಯ ಸೊಗಸಾದ ಕಂಬಗಳ ಕಡೆ ಕ್ಯಾಮೆರಾ ತಿರುಗಿಸಿದರೆ, "ಅದು ಬ್ಯಾಡ, ಇದ್ನ ಹೊಡೀರಿ" ಎಂದು ಬಾಗಿಲ ಪಕ್ಕದ ಒಂದು ಸಾದಾ ಕಂಬವನ್ನು ತೋರಿಸುತ್ತಿದ್ದರು. ಅದರಲ್ಲಿ ಕುಡುಗೋಲಿನಿಂದ ಕಚ್ಚು ಹಾಕಿದ ಎರಡು ಸಾಲು ಗುರುತುಗಳಿದ್ದವು. ಒರಳುಕಲ್ಲು ತೋರಿಸಿದರು. ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಹಗೇವಿನ ಬಾಯಿಯ ಕಲ್ಲು ತೋರಿಸಿದರು. ಹಿತ್ತಲಿನ ಹಲಸಿನ ಮರದಲ್ಲಿ ಇಂಥದೇ ಕೊಂಬೆ ಬರಬೇಕು ಎಂದು ನನ್ನನ್ನು ಬೇಲಿಯ ಆಚೆ ನಿಲ್ಲಿಸಿದರು. ಪ್ರತಿ ಸಲವೂ "ಬಿತ್ತಾ?" ಎನ್ನುತ್ತಿದ್ದರು. "ಬಿತ್ತು" ಎನ್ನುತ್ತಿದ್ದೆ. ಲೆಕ್ಕ ಮೂವತ್ತಾರು ದಾಟಿದರೂ ರೀಲ್ ಮುಗಿಯಲಿಲ್ಲ. ಅಂಗಡಿಯವನು ಧಾರಾಳವಾಗಿ ಕೊಟ್ಟಿದ್ದಾನೆ ಎಂದು ನಾನು ಖುಷಿಪಟ್ಟೆ.

ಕೊನೆಗೆ ತೋಟದ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಕಲ್ಲು ಜೋಡಿಸಿದ ಸಣ್ಣ ದಿಬ್ಬ, ಮೇಲೆ ಒಣಗಿದ ಕಣಗಿಲೆ ಹೂವು. ಗಂಗಣ್ಣ ದೂರದಲ್ಲೇ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ.

"ಇದೊಂದು ಹೊಡೀರಿ. ಮರಾನೂ ಸೇರ್ಲಿ. ಎಲ್ಲಿ ಅಂತ ಗೊತ್ತಾಗ್ಬೇಕು."

"ನೀವೂ ಪಕ್ಕದಲ್ಲಿ ನಿಲ್ಲಿ."

"ನನ್ ಮುಖ ಯಾಕೆ. ಬ್ಯಾಡ." ಹೆಗಲ ಟವೆಲ್ಲು ಸರಿಮಾಡಿಕೊಂಡು, "ನಾನು ಹೊಡಿಸ್ದೆ ಅನ್ಬ್ಯಾಡಿ. ನೀವೇ ಹೊಡ್ದಿದ್ದು ಅನ್ನಿ" ಎಂದರು.

ಹೊರಡುವಾಗ ಜಯಮ್ಮ ನನ್ನ ಚೀಲಕ್ಕೆ ನಾಲ್ಕು ತೆಂಗಿನಕಾಯಿ ಹಾಕಿದರು. ಬೇಡವೆನ್ನಲು ಆಗಲಿಲ್ಲ. ಅದೇ ಎಡವಟ್ಟಾಯಿತು. ಮನೆಗೆ ಬಂದು ಚೀಲ ಇಳಿಸುವಷ್ಟರಲ್ಲಿ ನಂಜಮ್ಮ ಒಂದು ಕಾಯಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಜುಟ್ಟನ್ನು ಎರಡು ಬೆರಳಲ್ಲಿ ಹಿಡಿದರು.

"ಗುಬ್ಬೀದಾ ಇದು?"

"ಹೌದು."

"ಗುಬ್ಬಿಯೋರು ಜುಟ್ಟು ಇಷ್ಟುದ್ದ ಬುಡಲ್ಲ. ಹಿಂಗೆ ಒಂದ್ ಕಡೆಗೆ ತಿರುಚಿ ಬುಡೋದು ಒಬ್ನೇ." ನನ್ನ ಕಡೆ ನೋಡಿದರು. "ಯಾಕಮ್ಮ ಹೋದೆ?"

ಬೈಗುಳಕ್ಕೆ ತಯಾರಾಗಿ ಎಲ್ಲ ಹೇಳಿದೆ. ಬೈಯಲಿಲ್ಲ. ಅಡುಗೆಮನೆಗೆ ಹೋದರು, ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿ ಕೇಳಿಸಿತು. ಕೋಣೆ ಖಾಲಿ ಮಾಡಬೇಕಾಗಬಹುದು ಎಂದು ನಾನು ಪೆಟ್ಟಿಗೆಯ ಕಡೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಕೇಳಿದರು, "ಫೋಟೋ ಯಾವತ್ ಬರ್ತವೆ?"

"ಶುಕ್ರವಾರ."

ಶುಕ್ರವಾರ ಆಫೀಸಿನಿಂದ ನೇರವಾಗಿ ಸ್ಟುಡಿಯೋಗೆ ಹೋದೆ. ನನ್ನ ರೀಲ್‌ಗಳನ್ನು ತೊಳೆದುಕೊಡುತ್ತಿದ್ದ ರಾಜಣ್ಣ ಎಂಬವರು ಒಂದು ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದರು. "ರೀಲ್ ಓಡೇ ಇಲ್ಲ ಮೇಡಂ. ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಲ್ಲ. ನೀವು ಒತ್ತಿದೀರಿ, ಅದು ಇದ್ದಲ್ಲೇ ಇದೆ." ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವರು ಪಾಪ, ನೀರು ತಂದುಕೊಟ್ಟರು. "ಮದ್ವೇದಾ?" ಎಂದು ಕೇಳಿದರು. ಮದುವೆಯ ರೀಲ್ ಹೋದವರು ಹಾಗೆ ಕೂರುವುದನ್ನು ಅವರು ಕಂಡಿದ್ದರೋ ಏನೋ.

ಮನೆಗೆ ಹೋಗುವ ದಾರಿಯನ್ನು ಎಷ್ಟು ಸುತ್ತು ಹಾಕಬಹುದೋ ಅಷ್ಟು ಹಾಕಿದೆ. ನಂಜಮ್ಮ ಜಗಲಿಯಲ್ಲೇ ಕೂತಿದ್ದರು. ಕನ್ನಡಕ ಒರೆಸಿ ಹಾಕಿಕೊಂಡಿದ್ದರು. ಆ ಪಟ್ಟಿಯನ್ನು ಕೈಗೆ ಕೊಟ್ಟು ಆದದ್ದನ್ನು ಹೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಈ ಕಡೆಯಿಂದ ಆ ಕಡೆಯವರೆಗೆ ನಿಧಾನವಾಗಿ ನೋಡಿದರು.

"ಒಂದೂ ಇಲ್ವಾ?"

"ಒಂದೂ ಇಲ್ಲ ಅಮ್ಮ. ನನ್ನದೇ ತಪ್ಪು."

"ಕಣ್ಣಲ್ಲಿ ನೋಡಿದ್ಯಲ್ಲ. ಅದ್ನಾದ್ರೂ ಹೇಳು."

ಹೇಳಿದೆ. ಒರಳುಕಲ್ಲು ಎಂದೆ. "ಅಂಚು ಮುರಿದಿತ್ತಾ?" ಎಂದರು. ಮುರಿದಿತ್ತು. "ನಾನೇ ಮುರಿದಿದ್ದು." ಹಲಸಿನ ಮರದ ಕೊಂಬೆ ಎಂದೆ. "ಬಡಗಲ ಕಡೆದಾ? ಅದು ಇನ್ನೂ ಐತಾ?" ಎಂದರು. ಅದರಿಂದ ಬಿದ್ದು ಗಂಗಣ್ಣ ಕೈ ಮುರಿದುಕೊಂಡಿದ್ದನಂತೆ, ಅಕ್ಕನ ಬೆನ್ನ ಮೇಲೆ ಕೂತು ನಾಟಿ ವೈದ್ಯರ ಹತ್ತಿರ ಹೋಗಿದ್ದನಂತೆ. ಕಂಬದ ವಿಷಯ ಬಂತು.

"ಎರಡು ಸಾಲು ಕಚ್ಚುಗಳಿದ್ದವು."

"ಮೇಲಿಂದು ಯಾವ ಕಡೆ?"

"ಎಡಗಡೆ."

"ಅದು ನಂದು. ಅಮ್ಮ ಎತ್ತರ ಅಳ್ದು ಹಾಕಿದ್ದು, ಪ್ರತಿ ಯುಗಾದಿಗೆ. ನನ್ ಮದ್ವೆ ಆದ್ಮೇಲೆ ಬಂದಾಗ್ಲೂ ನಿಲ್ಸಿ ಒಂದು ಕಚ್ಚು ಹಾಕಿದ್ಲು."

ಕೊನೆಯದನ್ನು ಹೇಳಬೇಕೋ ಬೇಡವೋ ಎಂದು ತಡೆದೆ. ಅವರು ಕಾಯುತ್ತಿದ್ದರು. "ತೋಟದ ತುದಿಗೆ ಕರ್ಕೊಂಡು ಹೋದರು. ಮರ ಸೇರಿಸಿ ತೆಗೀರಿ, ಎಲ್ಲಿ ಅಂತ ಗೊತ್ತಾಗಬೇಕು ಅಂದರು" ಎಂದೆ.

ನಂಜಮ್ಮ ಪಟ್ಟಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಆಮೇಲೆ ಕೇಳಿದರು, "ಯಾವ್ ಮರ?"

ಅವರ ತಾಯಿ ಎಲ್ಲಿ ಮಲಗಿದ್ದಾರೆ ಎನ್ನುವುದೇ ಅವರಿಗೆ ಹದಿನಾರು ವರ್ಷ ಗೊತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಯಾರನ್ನಾದರೂ ಕೇಳಬಹುದಿತ್ತು. ಕೇಳಿರಲಿಲ್ಲ.

"ಹೊಂಗೆ ಮರ" ಎಂದೆ.

"ಹೊಂಗೆನಾ. ನೆರಳು ಚೆನ್ನಾಗಿರ್ತದೆ." ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಪಟ್ಟಿಯನ್ನು ಸುರುಳಿ ಸುತ್ತಿ ನನ್ನ ಕೈಯಲ್ಲಿಟ್ಟರು. "ಭಾನ್ವಾರ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ? ನೀನೊಬ್ಳೇ ಹೋದ್ರೆ ಮತ್ತೆ ಹಿಂಗೇ ಮಾಡ್ಕೊಂಡು ಬರ್ತೀಯ."

ಭಾನುವಾರ ನಾನು ಐದು ಗಂಟೆಗೇ ಎದ್ದು ರೀಲ್ ಹಾಕಿದೆ. ಮುಚ್ಚುವ ಮೊದಲು ತುದಿ ಹಲ್ಲಿಗೆ ಸಿಕ್ಕಿದೆಯೇ ಎಂದು ನಂಜಮ್ಮನಿಗೂ ತೋರಿಸಿದೆ. ಅವರು ಬೆರಳಿನಿಂದ ಮುಟ್ಟಿ, "ಸಿಕ್ಕೈತೆ" ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊರಗಿನ ಯಾವ ಕೆರೆಗೂ ಯಾವ ತೋಟಕ್ಕೂ ಹೆಸರಿಡಲಿಲ್ಲ. ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸುವಾಗ ಒಂದು ಕ್ಷಣ ನಿಂತರು. ವಾಪಸು ಹೋಗೋಣ ಎನ್ನುತ್ತಾರೆ ಎಂದು ನನಗೆ ಭಯವಾಯಿತು. "ಹೂವು ತಗೋಬೇಕು" ಎಂದರು ಅಷ್ಟೇ.

ಗಂಗಣ್ಣ ಮನೆಯ ಮುಂದೆ ದನಕ್ಕೆ ಹುಲ್ಲು ಹಾಕುತ್ತಿದ್ದರು. ತಿರುಗಿ ನೋಡಿದವರು ಹುಲ್ಲಿನ ಸಿವುಡನ್ನು ಹಿಡಿದುಕೊಂಡೇ ನಿಂತರು. ನಂಜಮ್ಮ ಬೇಲಿಯ ಬಳಿ ನಿಂತರು. ನಡುವೆ ಹತ್ತು ಹೆಜ್ಜೆ ಇರಬಹುದು.

"ಬಸ್ಸು ಸಿಕ್ತಾ?" ಎಂದರು ಗಂಗಣ್ಣ.

"ಸಿಕ್ತು. ಈ ಸಲ ಕೆಡ್ಲಿಲ್ಲ."

ಜಯಮ್ಮ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದರು. ಗಂಗಣ್ಣ ಅದನ್ನು ತಾವೇ ಇಸಿದುಕೊಂಡು ಅಕ್ಕನ ಕಾಲಿಗೆ ಹಾಕಿದರು. ನೀರು ಹಾಕುತ್ತ, ತಲೆ ಎತ್ತದೆ ಮಾತಾಡಿದರು.

"ಕಾಯ್ಬೇಕಾಗಿತ್ತು ಕಣಕ್ಕ. ಮೋಡ ಕಟ್ಟಿತ್ತು. ದೊಡ್ಡೋರೆಲ್ಲ ಎತ್ತು ಎತ್ತು ಅಂದ್ರು. ನಾನು ಬಾಯಿ ಬುಡ್ಲಿಲ್ಲ. ಮಳೇನೂ ಬರ್ಲಿಲ್ಲ ಅವತ್ತು."

"ಇದ್ನ ಬಂದು ಹೇಳಕ್ಕೆ ಹದಿನಾರು ವರ್ಷ ಬೇಕಾಗಿತ್ತಾ?"

"ಬಂದಿದ್ದೆ. ಭಾವ ಹೋದಾಗಿಂದು ಬುಟ್ಟು, ಇನ್ನೂ ಮೂರ್ ಸಲ. ನಿಮ್ಮ ಬೀದಿ ಮೂಲೆವರ್ಗೂ ಬಂದು ವಾಪಸ್ ಹೋದೆ."

"ಮನೆ ಒಳಕ್ಕೆ ಬಂದಿದ್ರೆ ಹಿಡಕೊಂಡು ಬೈತಿದ್ದೆ."

"ಅದಕ್ಕೇ ಬರ್ಲಿಲ್ಲ."

ನಂಜಮ್ಮನಿಗೆ ನಗು ಬಂತು. ನಗುತ್ತಲೇ ಅಳು ಬಂತು. ಗಂಗಣ್ಣನ ಕೈಯಲ್ಲಿದ್ದ ಚೊಂಬು ಖಾಲಿಯಾಗಿ ಬಹಳ ಹೊತ್ತಾಗಿತ್ತು, ಇನ್ನೂ ಬಗ್ಗಿಸಿಕೊಂಡೇ ನಿಂತಿದ್ದರು.

ಇಬ್ಬರೂ ತೋಟದ ತುದಿಗೆ ಹೋದರು. ನಾನು ಹೊಂಗೆ ಮರ ಕಾಣುವವರೆಗೆ ಹೋಗಿ ನಿಂತೆ. ನಂಜಮ್ಮ ಹೂವಿಟ್ಟು, ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಕೂತರು. ಬೆಳಕು ಎಲೆಗಳ ನಡುವೆ ಬೀಳುತ್ತಿತ್ತು. ಅಂಥ ಫೋಟೋ ನನಗೆ ಆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಲಿಲ್ಲ. ಕ್ಯಾಮೆರಾವನ್ನು ಚೀಲದಿಂದ ತೆಗೆಯಲಿಲ್ಲ. ಜಯಮ್ಮನ ಹತ್ತಿರ ಹೋಗಿ ಅವರೆಕಾಯಿ ಸುಲಿಯುತ್ತ ಕೂತೆ.

ಊಟವಾದ ಮೇಲೆ ತೆಗೆದೆ. ಕಂಬದ ಪಕ್ಕ ನಂಜಮ್ಮನನ್ನು ನಿಲ್ಲಿಸಿದರೆ, ಅವರಮ್ಮ ಹಾಕಿದ ಕೊನೆಯ ಕಚ್ಚು ಅವರ ನೆತ್ತಿಗಿಂತ ಎರಡು ಬೆರಳು ಮೇಲಿತ್ತು. ಗಂಗಣ್ಣ ಅಂಗೈಯನ್ನು ಅಕ್ಕನ ತಲೆಯ ಮೇಲೆ ಅಡ್ಡ ಇಟ್ಟು ಅಳೆದು, "ಕುಗ್ಗಿದೀಯ ಕಣಕ್ಕ" ಎಂದರು. "ನೀನೇನ್ ಬೆಳೆದ್ಯಾ?" ಎಂದು ಅವರು ತಲೆ ತಿರುಗಿಸಿದಾಗ ನಾನು ಒತ್ತಿದ್ದು. ಆ ಫೋಟೋ ಸ್ವಲ್ಪ ಅಲುಗಾಡಿದೆ. ಆ ಅಲುಗಾಟ ಇಲ್ಲದಿದ್ದರೆ ಚೆನ್ನಾಗಿರುತ್ತಿರಲಿಲ್ಲ ಎಂದು ರಾಜಣ್ಣ ಕೂಡ ಒಪ್ಪಿದರು, ಅವರು ಸುಲಭಕ್ಕೆ ಒಪ್ಪುವವರಲ್ಲ.

ಸಂಜೆಯ ಬಸ್ಸಿಗೆ ನಾನೊಬ್ಬಳೇ ಹೊರಟೆ. ನಂಜಮ್ಮ ಮನೆಯ ಬೀಗದ ಕೈ ಕೊಟ್ಟು, ಹಾಲಿನವನಿಗೆ ಏನು ಹೇಳಬೇಕು, ತುಳಸಿಗೆ ಎಷ್ಟು ನೀರು ಹಾಕಬೇಕು ಎಂದು ಬಸ್ಸು ಹೊರಡುವವರೆಗೂ ಹೇಳಿದರು. ಎರಡು ದಿನ ಇದ್ದು ಬರ್ತೀನಿ ಎಂದವರು ಒಂದು ವಾರ ಬರಲಿಲ್ಲ. ಆ ವಾರವೆಲ್ಲ ಮನೆ ಎಷ್ಟು ಖಾಲಿ ಎನ್ನಿಸಿತೆಂದರೆ, ಆಫೀಸಿನಿಂದ ಬಂದವಳು ಜಗಲಿಯ ಮೇಲೇ ಕೂತಿರುತ್ತಿದ್ದೆ. ಊರಿಗೆ ಬರೆದ ಕಾಗದದಲ್ಲಿ ಸಮುದ್ರದ ವಿಷಯ ಬರೆಯದೆ ನಂಜಮ್ಮನ ವಿಷಯ ಬರೆದಿದ್ದೇನೆ ಎಂದು ಅಂಚೆಗೆ ಹಾಕಿದ ಮೇಲೆ ನೆನಪಾಯಿತು.

ಎಂಟನೆಯ ದಿನ, ಭಾನುವಾರ, ಬಟ್ಟೆ ಒಗೆದು ಒಣಹಾಕಿ ಒಳಗೆ ಬರುವಾಗ ಅಡುಗೆಮನೆಯಲ್ಲಿ ಜೋರು ಗಲಾಟೆ ಕೇಳಿಸಿತು. ನಾನು ಹಿತ್ತಲಲ್ಲಿದ್ದಾಗ ಇಬ್ಬರೂ ಮುಂಬಾಗಿಲಿನಿಂದ ಬಂದಿದ್ದಾರೆ. ನಂಜಮ್ಮನ ಧ್ವನಿ ತಾರಕದಲ್ಲಿತ್ತು, ಗಂಗಣ್ಣನದು ಅದಕ್ಕಿಂತ ಮೇಲೆ. ಇನ್ನೊಂದು ಹದಿನಾರು ವರ್ಷದ ಮುನಿಸು ಇವತ್ತೇ ಶುರುವಾಯಿತು ಎಂದುಕೊಂಡು ಒದ್ದೆ ಕೈಯಲ್ಲೇ ಓಡಿದೆ.

ಗಂಗಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಂಜಮ್ಮ ಸೌಟು ಹಿಡಿದು ನಿಂತಿದ್ದರು.

"ಅಮ್ಮನ ಕೈಲಿ ಜಾಸ್ತಿ ಏಟು ತಿಂದಿದ್ದು ನೀನು ಕಣೋ. ದಿನಾ ತಿಂತಿದ್ದೆ."

"ನನಗ್ ಕೈಲಿ ಹೊಡೀತಿದ್ಲು. ನಿಂಗೆ ಪೊರಕೇಲಿ. ಅದೂ ಲೆಕ್ಕಕ್ಕೆ ಬರ್ತದೆ."

"ಪೊರಕೇಲಿ ಒಂದೇ ಸಲ. ಅದೂ ನಿನ್ ದೆಸೆಯಿಂದ." ನನ್ನನ್ನು ಕಂಡು ನಂಜಮ್ಮ ಸೌಟಿನಿಂದಲೇ ಕರೆದರು. "ಬಾ ಇಲ್ಲಿ. ನೀನೇ ನ್ಯಾಯ ಹೇಳಮ್ಮ."

"ನನಗೇನು ಗೊತ್ತು ಅಮ್ಮ" ಎಂದೆ. "ನಾನು ಈ ಊರಿಗೆ ಹೊಸಬಳು."

"ಹೊಸಬಳಂತೆ" ಎಂದು ನಂಜಮ್ಮ ತಮ್ಮನ ಕಡೆ ತಿರುಗಿದರು. ಆಮೇಲೆ ನನಗೆ, "ಸಕ್ಕರೆ ಡಬ್ಬ ಎಲ್ಲಿಟ್ಟಿದೀಯ ಅಂತ ಆವಾಗಿನಿಂದ ಹುಡುಕ್ತಿದೀನಿ. ತಗೊಂಬಂದು ಮೂರ್ ಲೋಟ ಕಾಫಿ ಮಾಡು" ಎಂದರು.